ಪಿತ್ತಕೋಶದ ಆಪರೇಷನ್ ನಂತರದ ನೋವಿಗೆ ಯಾವ ಬ್ಲಾಕ್?

ಲ್ಯಾಪ್ರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆಯುವಾಗ ಸಾಮಾನ್ಯವಾಗಿ ನಾಲ್ಕು ಕಡೆ ರಂಧ್ರ ಮಾಡುತ್ತಾರೆ: ಹೊಕ್ಕುಳ ಬಳಿ 10 ಮಿಲಿಮೀಟರಿನದೊಂದು, ಎದೆಮೂಳೆಯ ತುದಿಯ ಕೆಳಗೆ ಅಷ್ಟೇ ಅಳತೆಯ ಇನ್ನೊಂದು, ಬಲಪಕ್ಕೆಯ ಅಂಚಿನ ಕೆಳಗೆ 5 ಮಿಲಿಮೀಟರಿನವು ಎರಡು. ನಾಲ್ಕನ್ನೂ ಕೂಡಿದರೆ ಮೂರು ಸೆಂಟಿಮೀಟರ್. ಇಷ್ಟು ಸಣ್ಣ ಗಾಯಕ್ಕೆ ನರ್ವ್ ಬ್ಲಾಕ್, ಅಂದರೆ ನರಗಳ ಬಳಿ ಔಷಧಿ ಚುಚ್ಚಿ ಆ ಭಾಗವನ್ನು ಮರಗಟ್ಟಿಸುವುದು, ಬೇಕೇ ಎಂದು ರೋಗಿಯ ಕಡೆಯವರು ಕೇಳುತ್ತಾರೆ. ಟ್ಯಾಪ್ ಬ್ಲಾಕ್ ಕೊಡುವುದೋ ಇಎಸ್‌ಪಿ ಬ್ಲಾಕ್ ಕೊಡುವುದೋ ಎಂದು ನನ್ನ ಜೊತೆ ಕೆಲಸ ಮಾಡುವ ಕಿರಿಯ ವೈದ್ಯರು ಕೇಳುತ್ತಾರೆ. ಅರಿವಳಿಕೆ ವೈದ್ಯನಾಗಿ ಇಷ್ಟು ವರ್ಷ ನಾನು ಎರಡನೆಯ ಪ್ರಶ್ನೆಯ ಹಿಂದೆಯೇ ಓಡಿದೆ. ಈಚೆಗೆ ಮೊದಲನೆಯದೇ ಹೆಚ್ಚು ತೂಕದ್ದು ಅನ್ನಿಸತೊಡಗಿದೆ.

ಈ ಆಪರೇಷನ್ನಿನ ನೋವು ಒಂದೇ ಬಗೆಯದಲ್ಲ. ಹೊಟ್ಟೆಯ ಗೋಡೆಯನ್ನು ತೂರಿ ಹೋದ ರಂಧ್ರಗಳ ನೋವು ಚುರುಚುರು ಎನ್ನುತ್ತದೆ, ರೋಗಿ ಬೆರಳಿಟ್ಟು ತೋರಿಸಬಲ್ಲ, ಕೆಮ್ಮಿದರೆ ಹೆಚ್ಚುತ್ತದೆ. ಪಿತ್ತಜನಕಾಂಗದ ಅಡಿಯಿಂದ ಪಿತ್ತಕೋಶವನ್ನು ಬಿಡಿಸಿದ ಜಾಗದ ನೋವು ಒಳಗೆಲ್ಲೋ ಮಂದವಾಗಿ ಹಿಂಡುತ್ತದೆ, ಇಂಥಲ್ಲೇ ಎಂದು ತೋರಿಸಲು ಬರುವುದಿಲ್ಲ. ಮೂರನೆಯದು ಹೆಗಲಿನ ನೋವು. ಹೊಟ್ಟೆಯನ್ನು ಉಬ್ಬಿಸಲು 12ರಿಂದ 15 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ತುಂಬುವ ಇಂಗಾಲದ ಡೈಆಕ್ಸೈಡ್, ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಾದ ವಪೆಯನ್ನು ಹಿಗ್ಗಿಸಿ ಕೆರಳಿಸುತ್ತದೆ. ವಪೆಯ ನರ ಹುಟ್ಟುವುದು ಕುತ್ತಿಗೆಯ ಮೂರರಿಂದ ಐದನೆಯ ನರಗಳಲ್ಲಿ, ಹೆಗಲ ಚರ್ಮದ ಸಂವೇದನೆಯೂ ಅಲ್ಲಿಂದಲೇ ಬರುತ್ತದೆ, ಹೀಗಾಗಿ ವಪೆಯ ದೂರನ್ನು ಮೆದುಳು ಹೆಗಲಿನ ಹೆಸರಿಗೆ ಬರೆದುಕೊಳ್ಳುತ್ತದೆ. ಮರುದಿನ ಬೆಳಿಗ್ಗೆ ರೌಂಡ್ಸಿಗೆ ಹೋದಾಗ, "ಹೊಟ್ಟೆ ಪರವಾಗಿಲ್ಲ ಡಾಕ್ಟ್ರೇ, ಹೆಗಲು ಯಾಕೆ ಹಿಡ್ಕೊಂಡಿದೆ? ಟೇಬಲ್ ಮೇಲೆ ಕೈ ಎಳೆದ್ರಾ?" ಎಂದು ಕೇಳಿದವರು ಒಬ್ಬಿಬ್ಬರಲ್ಲ.

ಟ್ಯಾಪ್ ಎಂದರೆ ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್ ಪ್ಲೇನ್. ಹೊಟ್ಟೆಯ ಪಕ್ಕದಲ್ಲಿ ಒಂದರ ಕೆಳಗೊಂದರಂತೆ ಮೂರು ಸ್ನಾಯುಪದರಗಳಿವೆ. ಎರಡನೆಯ ಮತ್ತು ಮೂರನೆಯ ಪದರಗಳ ನಡುವೆ ನರಗಳು ಹಾದುಹೋಗುತ್ತವೆ. 2001ರಲ್ಲಿ ರಫಿ ಎಂಬ ವೈದ್ಯರು ಸೊಂಟದ ಮೇಲಿನ ತ್ರಿಕೋನಾಕಾರದ ಸಂದಿನಿಂದ ಅಲ್ಲಿಗೆ ಸೂಜಿ ತಲುಪಿಸುವ ದಾರಿಯನ್ನು ವಿವರಿಸಿದರು. ಕೆಲವೇ ವರ್ಷಗಳಲ್ಲಿ ಅಲ್ಟ್ರಾಸೌಂಡ್ ಬಂದು ಕೈಯಂದಾಜಿನ ಕೆಲಸ ಕಣ್ಣಳತೆಯ ಕೆಲಸವಾಯಿತು. ಸೂಜಿಯ ತುದಿ ಸರಿಯಾದ ಜಾಗದಲ್ಲಿದ್ದರೆ, ಔಷಧಿ ಹೋಗುತ್ತಿದ್ದಂತೆ ಪರದೆಯ ಮೇಲೆ ಎರಡು ಬೂದು ಪದರಗಳ ನಡುವೆ ಕಪ್ಪು ಎಳೆಯೊಂದು ದೋಣಿಯಾಕಾರದಲ್ಲಿ ಬಿಚ್ಚಿಕೊಳ್ಳುತ್ತದೆ. ಸ್ನಾಯುವಿನೊಳಗೇ ಹೋದರೆ ಹಾಗೆ ಬಿಚ್ಚಿಕೊಳ್ಳದೆ ಸುಮ್ಮನೆ ಊದಿಕೊಳ್ಳುತ್ತದೆ.

ಆರಂಭದ ದಿನಗಳಲ್ಲಿ ನಾನು ಸಿಸೇರಿಯನ್ನಿಗೆ ಕೊಡುವಂತೆಯೇ ಪಕ್ಕೆ ಮತ್ತು ಸೊಂಟದ ನಡುವೆ, ಪಕ್ಕದಿಂದ, ಟ್ಯಾಪ್ ಕೊಟ್ಟು ಕೆಲಸ ಮುಗಿಯಿತೆಂದು ಕೈ ತೊಳೆದುಕೊಳ್ಳುತ್ತಿದ್ದೆ. ಎಚ್ಚರವಾದ ರೋಗಿ ಎದೆಗುಂಡಿಗೆಯ ಕೆಳಗಿನ ರಂಧ್ರವನ್ನೇ ಹಿಡಿದುಕೊಂಡು ನರಳುತ್ತಿದ್ದರೆ ನನಗೆ ಅರ್ಥವಾಗುತ್ತಿರಲಿಲ್ಲ. ಕಾರಣ ಸರಳವಾಗಿತ್ತು: ಪಕ್ಕದ ಟ್ಯಾಪ್ ಮರಗಟ್ಟಿಸುವುದು ಹೆಚ್ಚಾಗಿ ಹೊಕ್ಕುಳ ಮತ್ತು ಅದರ ಕೆಳಭಾಗವನ್ನು, ಪಿತ್ತಕೋಶದ ಸರ್ಜನ್ನರ ಕೈಯೆಲ್ಲ ಹೆಚ್ಚಾಗಿ ಹೊಕ್ಕುಳಿಗಿಂತ ಮೇಲ್ಭಾಗದಲ್ಲೇ ಇರುತ್ತದೆ. ಪಕ್ಕೆಲುಬಿನ ಅಂಚಿಗೆ ಒತ್ತಿಕೊಂಡಂತೆ ಕೊಡುವ ಸಬ್‌ಕಾಸ್ಟಲ್ ಟ್ಯಾಪ್ ಎದೆಭಾಗದ ಆರರಿಂದ ಒಂಬತ್ತನೆಯ ನರಗಳನ್ನು ಹಿಡಿಯುತ್ತದೆ, ಈ ಆಪರೇಷನ್ನಿಗೆ ಬೇಕಾದದ್ದು ಅದು. ಹೊಕ್ಕುಳ ಹತ್ತನೆಯ ನರದ ಪಾಲು, ಆದ್ದರಿಂದ ಆ ರಂಧ್ರ ಕೆಲವೊಮ್ಮೆ ಹೊರಗುಳಿಯುತ್ತದೆ. ಅಲ್ಲಿಗೆ ಸರ್ಜನ್ನರು ನೇರವಾಗಿ ಚುಚ್ಚಿದರೆ ಆಯಿತು.

ಇಎಸ್‌ಪಿ, ಅಂದರೆ ಎರೆಕ್ಟರ್ ಸ್ಪೈನೀ ಪ್ಲೇನ್ ಬ್ಲಾಕ್, 2016ರಲ್ಲಿ ಫೊರೆರೊ ಮತ್ತು ಸಂಗಡಿಗರು ಪ್ರಕಟಿಸಿದ್ದು. ಇಲ್ಲಿ ಸೂಜಿ ಚುಚ್ಚುವುದು ಬೆನ್ನಿಗೆ. ಎದೆಭಾಗದ ಏಳನೆಯ ಅಥವಾ ಎಂಟನೆಯ ಕಶೇರುವಿನ (ಬೆನ್ನುಮೂಳೆಯ ಮಣಿಯ) ಅಡ್ಡಚಾಚಿಗೆ ಸೂಜಿ ತಾಗಿಸಿ, ಬೆನ್ನನ್ನು ನೆಟ್ಟಗೆ ನಿಲ್ಲಿಸುವ ಸ್ನಾಯುವಿನ ಅಡಿಯಲ್ಲಿ ಔಷಧಿ ಹರಡುತ್ತಾರೆ. ಅದು ಮುಂದಕ್ಕೆ ಸೋರಿ ನರಗಳ ಬುಡವನ್ನು ಮುಟ್ಟಿದರೆ ಗೋಡೆಯ ನೋವಿನ ಜೊತೆಗೆ ಒಳಗಿನ ನೋವನ್ನೂ ತಡೆಯಬಹುದು ಎಂಬುದು ಇದರ ದೊಡ್ಡ ಆಕರ್ಷಣೆ. "ಮುಟ್ಟಿದರೆ" ಎಂಬ ಪದದಲ್ಲೇ ಎಲ್ಲವೂ ಇದೆ. ಮೃತದೇಹಗಳಲ್ಲಿ ಬಣ್ಣ ಚುಚ್ಚಿ ನೋಡಿದ ಅಧ್ಯಯನಗಳಲ್ಲಿ ಕೆಲವಕ್ಕೆ ಮುಂದಕ್ಕೆ ಹರಡಿದ್ದು ಕಂಡಿದೆ, ಕೆಲವಕ್ಕೆ ಬಹುಪಾಲು ಬೆನ್ನಿನಲ್ಲೇ ಉಳಿದದ್ದು ಕಂಡಿದೆ. ಒಂದೇ ಪ್ರಮಾಣದ ಔಷಧಿ ಒಬ್ಬರ ಹೊಟ್ಟೆಯನ್ನು ಜೋಮು ಹಿಡಿಸಿ, ಇನ್ನೊಬ್ಬರಲ್ಲಿ ಬೆನ್ನನ್ನಷ್ಟೇ ಮರಗಟ್ಟಿಸುವುದನ್ನು ನಾನೇ ಐಸ್ ತುಂಡು ಹಿಡಿದು ಪರೀಕ್ಷಿಸಿದ್ದೇನೆ.

ಪ್ಯಾರಾವರ್ಟಿಬ್ರಲ್ ಬ್ಲಾಕ್ ಇವೆರಡಕ್ಕಿಂತ ಹಳೆಯದು, ನರದ ಬುಡಕ್ಕೇ ಹೋಗುತ್ತದೆ; ಆದರೆ ಶ್ವಾಸಕೋಶದ ಪೊರೆ ಪಕ್ಕದಲ್ಲೇ ಇರುವಾಗ ಮೂರು ಸೆಂಟಿಮೀಟರ್ ಗಾಯಕ್ಕಾಗಿ ಅದನ್ನು ಚುಚ್ಚಿಬಿಡುವ ಅಪಾಯ ಕಟ್ಟಿಕೊಳ್ಳಲು ನನಗೆ ಮನಸ್ಸಿಲ್ಲ. ಸೊಂಟದ ಹಿಂಭಾಗದ ಸ್ನಾಯುವಿನ ಬಳಿ ಕೊಡುವ ಕ್ವಾಡ್ರೇಟಸ್ ಲಂಬೋರಮ್ ಬ್ಲಾಕಿನ ನಂತರ ಕೆಲವರಿಗೆ ಕಾಲು ಸೋಲುವುದುಂಟು, ಅದೇ ಸಂಜೆ ಎದ್ದು ಓಡಾಡಬೇಕಾದವರಿಗೆ ಅದು ಹೊಂದುವುದಿಲ್ಲ.

ಟ್ಯಾಪ್ ಮತ್ತು ಇಎಸ್‌ಪಿಯನ್ನು ಮುಖಾಮುಖಿ ಹೋಲಿಸಿದ ಅಧ್ಯಯನಗಳಲ್ಲಿ ಇಎಸ್‌ಪಿಯ ಕಡೆಗೇ ತಕ್ಕಡಿ ಸ್ವಲ್ಪ ವಾಲಿದೆ. 2019ರಲ್ಲಿ ಟರ್ಕಿಯಿಂದ ಬಂದ ಒಂದು ಅಧ್ಯಯನದಲ್ಲಿ ಇಎಸ್‌ಪಿ ಪಡೆದವರಿಗೆ ಸಬ್‌ಕಾಸ್ಟಲ್ ಟ್ಯಾಪ್ ಪಡೆದವರಿಗಿಂತ ಕಡಿಮೆ ಟ್ರಮಡಾಲ್ ಎಂಬ ನೋವಿನ ಔಷಧಿ ಸಾಕಾಯಿತು. ಆದರೆ ಇಂಥ ಲೇಖನಗಳನ್ನು ಓದುವಾಗ ಎರಡು ವಿಷಯ ಕಾಡುತ್ತವೆ. ನೋವಿಗೆ ಹತ್ತಕ್ಕೆ ಅಂಕ ಕೊಡುವ ಅಳತೆಯಲ್ಲಿ ಸುಮಾರು ಒಂದು ಅಂಕವಾದರೂ ಇಳಿಯದಿದ್ದರೆ ರೋಗಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಲೆಕ್ಕಾಚಾರದಲ್ಲಿ ಗೆದ್ದ ಬ್ಲಾಕ್ ಹಾಸಿಗೆಯಲ್ಲಿ ಮಲಗಿದವರ ಪಾಲಿಗೆ ಗೆದ್ದಿರಲೇಬೇಕೆಂದಿಲ್ಲ. ನಮ್ಮ ವಾರ್ಡಿನಲ್ಲಿ ಈ ಅಂಕಗಳೇ ಅನುಮಾನದವು. ಹತ್ತಕ್ಕೆ ಎಷ್ಟು ಎಂದು ಕೇಳಿದಾಗ ಸುಮ್ಮನೆ ನಕ್ಕ ಅಜ್ಜಿಯೊಬ್ಬರು, ಸ್ವಲ್ಪ ಬಿಟ್ಟು ತಾವಾಗಿಯೇ "ಹನ್ನೆರಡಾಣೆ ಹೋಗಿದೆ, ನಾಲ್ಕಾಣೆ ಉಳಿದಿದೆ" ಎಂದರು. ಇದಕ್ಕಿಂತ ಸ್ಪಷ್ಟವಾದ ಅಳತೆಯನ್ನು ನಾನು ಯಾವ ನಮೂನೆಯಲ್ಲೂ ತುಂಬಿಲ್ಲ. ಎರಡನೆಯದಾಗಿ, ಅನೇಕ ಅಧ್ಯಯನಗಳು ಬ್ಲಾಕನ್ನು ಹೋಲಿಸುವುದು ಏನೂ ಕೊಡದಿರುವುದರ ಜೊತೆ. ಹೋಲಿಸಬೇಕಾದದ್ದು, ಸರ್ಜನ್ನರೇ ಪ್ರತಿ ರಂಧ್ರದ ಸುತ್ತ ಎರಡು ನಿಮಿಷದಲ್ಲಿ ಬುಪಿವಕೇನ್ ಎಂಬ ಮರಗಟ್ಟಿಸುವ ಔಷಧಿ ಚುಚ್ಚುವುದರ ಜೊತೆ.

ನೋವು ನಿರ್ವಹಣೆಗೆ ಆಪರೇಷನ್‌ವಾರು ಸಲಹೆ ನೀಡುವ ಪ್ರಾಸ್ಪೆಕ್ಟ್ ಎಂಬ ತಜ್ಞರ ಗುಂಪು ಕೂಡ ಪ್ಯಾರಾಸಿಟಮಾಲ್, ಉರಿಯೂತ ತಗ್ಗಿಸುವ ನೋವಿನ ಔಷಧಿ ಮತ್ತು ರಂಧ್ರಗಳ ಜಾಗಕ್ಕೆ ಚುಚ್ಚುವ ಸ್ಥಳೀಯ ಅರಿವಳಿಕೆಯನ್ನು ಮುಂದಿಟ್ಟು, ಈ ಬ್ಲಾಕುಗಳನ್ನು ಎಲ್ಲರಿಗೂ ಕೊಡಿ ಎನ್ನುವುದಿಲ್ಲ. ನನ್ನ ರೂಢಿಯೂ ಈಗ ಹಾಗೆಯೇ ಆಗಿದೆ. ಬ್ಲಾಕಿಗೆ ಕೈ ಹಾಕುವುದು ಮೂತ್ರಪಿಂಡ ಕೆಟ್ಟು ಡೈಕ್ಲೋಫಿನಾಕ್‌ನಂಥವನ್ನು ಕೊಡಲಾಗದವರಿಗೆ, ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಥೂಲಕಾಯದವರಿಗೆ, ಅಂದರೆ ಮಾರ್ಫಿನ್ ವರ್ಗದ ಔಷಧಿ ಅಪಾಯ ತರುವವರಿಗೆ, ಮತ್ತು ಕಿಂಡಿ ಆಪರೇಷನ್ ತೆರೆದ ಆಪರೇಷನ್ ಆಗಿಬಿಡುವ ಸಂಭವವಿದ್ದಾಗ. ಅವರಲ್ಲೂ ಹೆಚ್ಚಿನವರಿಗೆ ಸಬ್‌ಕಾಸ್ಟಲ್ ಟ್ಯಾಪ್. ಅಂಗಾತ ಮಲಗಿದ್ದಂತೆಯೇ ಕೊಡಬಹುದು, ಗಂಟಲಿಗೆ ಟ್ಯೂಬ್ ಹಾಕಿದವರನ್ನು ಪಕ್ಕಕ್ಕೆ ಹೊರಳಿಸುವ ಗಡಿಬಿಡಿ ಇಲ್ಲ. ಇಎಸ್‌ಪಿ ಕೊಡುವುದಾದರೆ ಎಚ್ಚರವಿರುವಾಗಲೇ ಕೂರಿಸಿ ಕೊಡುತ್ತೇನೆ. ಅಷ್ಟಕ್ಕೂ ಅಲ್ಟ್ರಾಸೌಂಡ್ ಯಂತ್ರ ಕೈಗೆ ಸಿಗಬೇಕಲ್ಲ: 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ಪ್ರಕಾರ ನರ ಹುಡುಕುವ ಯಂತ್ರಕ್ಕೂ ನೋಂದಣಿ ಬೇಕು, ಒಂದು ಆಸ್ಪತ್ರೆಯದನ್ನು ಕಾರಿನಲ್ಲಿಟ್ಟುಕೊಂಡು ಇನ್ನೊಂದಕ್ಕೆ ಒಯ್ಯುವಂತಿಲ್ಲ.

ಲೆಕ್ಕ ತಪ್ಪುವ ಜಾಗ ಇನ್ನೊಂದಿದೆ. ಬುಪಿವಕೇನ್‌ಗೆ ಕಿಲೋಗೆ 2 ಮಿಲಿಗ್ರಾಂ ಮಿತಿ ಎಂದಿಟ್ಟುಕೊಂಡರೆ 60 ಕಿಲೋ ತೂಕದವರಿಗೆ 120 ಮಿಲಿಗ್ರಾಂ. ಶೇಕಡಾ 0.25ರ ದ್ರಾವಣವನ್ನು ಎರಡೂ ಪಕ್ಕಕ್ಕೆ 20 ಮಿಲಿಲೀಟರಿನಂತೆ ಕೊಟ್ಟರೆ 100 ಮಿಲಿಗ್ರಾಂ ಆಗಲೇ ಮುಗಿದಿರುತ್ತದೆ. ಆಮೇಲೆ ಸರ್ಜನ್ನರು ಅಭ್ಯಾಸಬಲದಿಂದ ರಂಧ್ರಗಳಿಗೆ ಇನ್ನೊಂದು 20 ಮಿಲಿಲೀಟರ್ ಹಾಕಿದರೆ ಮಿತಿ ದಾಟಿತು. ಆದ್ದರಿಂದ ಇಬ್ಬರ ಸಿರಿಂಜನ್ನೂ ಒಂದೇ ಬೋರ್ಡಿನಲ್ಲಿ ಬರೆಸುತ್ತೇನೆ, ಬುಪಿವಕೇನ್ ಮೈಗೆ ವಿಷವಾದರೆ ರಕ್ತನಾಳಕ್ಕೆ ಕೊಡುವ ಕೊಬ್ಬಿನ ದ್ರಾವಣದ ಬಾಟಲಿ ಓಟಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳುತ್ತೇನೆ.

ಹೆಗಲಿನ ನೋವಿಗೆ ಟ್ಯಾಪ್ ಇರಲಿ ಇಎಸ್‌ಪಿ ಇರಲಿ, ಎದೆಯ ಏಳನೆಯ ನರದ ಮಟ್ಟದಲ್ಲಿ ಕೊಟ್ಟದ್ದು ಕುತ್ತಿಗೆಯ ನರಕ್ಕೆ ತಲುಪುತ್ತದೆಂದು ನಂಬಿಕೊಳ್ಳುವಂತಿಲ್ಲ. ಅದಕ್ಕೆ ಬೇರೆಯದೇ ಉಪಾಯ. ಪಿತ್ತಕೋಶ ಹೊರಬಂದ ಮೇಲೆ ಟೇಬಲ್ಲಿನ ತಲೆಭಾಗವನ್ನು ಇಳಿಸುತ್ತೇವೆ. ಸರ್ಜನ್ನರು ರಂಧ್ರದಲ್ಲಿಟ್ಟ ಕೊಳವೆಯ, ಅಂದರೆ ಪೋರ್ಟಿನ, ವಾಲ್ವ್ ತೆರೆದು ಹಿಡಿದುಕೊಳ್ಳುತ್ತಾರೆ. ನಾನು ಬ್ಯಾಗ್ ಒತ್ತಿ ನಿಧಾನವಾಗಿ ಐದು ದೊಡ್ಡ ಉಸಿರು ತುಂಬುತ್ತೇನೆ. ಪ್ರತಿ ಉಸಿರಿಗೂ ವಪೆ ಕೆಳಗಿಳಿದು, ಉಳಿದ ಗಾಳಿ ಪೋರ್ಟಿನಿಂದ ಬುಸ್ ಎಂದು ಹೊರಬರುತ್ತದೆ. ಐದನೆಯದಕ್ಕೆ ಸದ್ದು ಹೆಚ್ಚುಕಡಿಮೆ ನಿಂತಿರುತ್ತದೆ, ಆಗ ಹೊಲಿಗೆ ಹಾಕಿ ಎನ್ನುತ್ತೇನೆ.