ಹೋಮ್‌ಬ್ರೂ ಕ್ಲಬ್‌ಗೆ ಮರುಜೀವ: ಮೊದಲ ಸುತ್ತಿನ ಐದು ವಾರಗಳು

ಮನೆಯಲ್ಲಿ ಮಾಡಿದ ಬಿಯರಿನ ಬಾಟಲಿಯನ್ನು ಕ್ಲಬ್ಬಿನ ಸಭೆಗೆ ತಂದು, ಹಂಚಿ ಕುಡಿದು ಹೋಗುವ ಪದ್ಧತಿಯನ್ನು ಈ ಸುತ್ತಿನಿಂದ ಕೈಬಿಡಲಾಗಿದೆ. ಅಂಥ ಸಭೆಯಲ್ಲಿ ಹಳಬರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ, ಗೋಡೆಗೆ ಒರಗಿ ನಿಂತು ಹೋದ ಹೊಸಬರು ಮತ್ತೆ ಬರುವುದಿಲ್ಲ. ಈಗಿನ ಲೆಕ್ಕ ಬೇರೆ: ಮೊದಲ ದಿನ ಬಂದವರು ಬಿಯರ್ ಕಾಯಿಸುತ್ತಾರೆ, ಎರಡು ವಾರ ಬಿಟ್ಟು ಅದನ್ನು ಬಾಟಲಿಗೆ ತುಂಬುತ್ತಾರೆ, ಇನ್ನೆರಡು ವಾರಕ್ಕೆ ರುಚಿ ನೋಡುತ್ತಾರೆ. ಮತ್ತೆ ಮತ್ತೆ ಕರೆಯುವ ಕೆಲಸವನ್ನು ಯೀಸ್ಟೇ ಮಾಡುತ್ತದೆ.

ತಯಾರಿ

ಮನೆಯಲ್ಲಿ ಬಿಯರ್ ತಯಾರಿಸಲು ಎಲ್ಲೆಡೆ ಅನುಮತಿ ಇಲ್ಲ. ಪಾತ್ರೆ ಒಲೆಗೇರುವ ಮುಂಚೆ ಕಾನೂನು ನೋಡಿಕೊಳ್ಳಬೇಕು. ಸಾಮಗ್ರಿಯ ಖರ್ಚನ್ನು ಹಂಚಿಕೊಳ್ಳುವುದಷ್ಟೇ, ಬಿಯರ್‌ಗೆ ಬೆಲೆ ಕಟ್ಟುವುದಿಲ್ಲ.

ಬಿಯರ್ ಹುದುಗಲು ಇಡುವ ಕ್ಲಬ್ಬಿನ ಹಳೆಯ ಪ್ಲಾಸ್ಟಿಕ್ ಫರ್ಮೆಂಟರ್‌ಗಳಲ್ಲಿ ಗೀರು ಬಿದ್ದವನ್ನೂ ಎಲ್ಲ ರಬ್ಬರ್ ಕೊಳವೆಗಳನ್ನೂ ಎಸೆದದ್ದಾಯಿತು. ಗೀರಿನೊಳಗೆ ಸೇರಿಕೊಂಡ ಬ್ಯಾಕ್ಟೀರಿಯಾವನ್ನು ಯಾವ ಸ್ಯಾನಿಟೈಸರ್ ಕೂಡ ಪೂರ್ತಿ ಮುಟ್ಟುವುದಿಲ್ಲ. ಥರ್ಮಾಮೀಟರ್ ಕರಗುತ್ತಿರುವ ಮಂಜುಗಡ್ಡೆಯ ನೀರಿನಲ್ಲಿ 0 ತೋರಿಸಬೇಕು, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 20 ಡಿಗ್ರಿಯ ಶುದ್ಧ ನೀರಿನಲ್ಲಿ 1.000. ತೋರಿಸದಿದ್ದರೆ ಎಷ್ಟು ವ್ಯತ್ಯಾಸ ಎಂದು ಅದರ ಮೇಲೇ ಚೀಟಿ ಅಂಟಿಸಿ.

ವಾರ 1: ಕಾಯಿಸುವ ದಿನ

ಒಂದು ಪಾತ್ರೆಗೆ ನಾಲ್ಕೇ ಜನ. ಒಬ್ಬರು ಉಷ್ಣತೆ, ಒಬ್ಬರು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಚೀಲ, ಒಬ್ಬರು ಹಾಪ್ಸ್ (ಕಹಿ, ಪರಿಮಳ ಕೊಡುವ ಹೂ) ಮತ್ತು ಗಡಿಯಾರ, ಒಬ್ಬರು ಸ್ಯಾನಿಟೈಸರ್. ಹಳಬರು ಸೌಟು ಮುಟ್ಟುವಂತಿಲ್ಲ. ಇದು ಕಷ್ಟದ ನಿಯಮ, ಆದರೆ ಇದನ್ನು ಸಡಿಲಿಸಿದರೆ ಉಳಿದದ್ದೆಲ್ಲ ವ್ಯರ್ಥ.

40 ಲೀಟರ್ ಪಾತ್ರೆಯಲ್ಲಿ 28 ಲೀಟರ್ ನೀರನ್ನು 69 ಡಿಗ್ರಿಗೆ ಕಾಯಿಸಿ, ಚೀಲದೊಳಗೆ ಪುಡಿ ಮಾಡಿದ ಪೇಲ್ ಮಾಲ್ಟ್ 4.5 ಕಿಲೋ ಸುರಿದರೆ ಉಷ್ಣತೆ 66ಕ್ಕೆ ಇಳಿದು ನಿಲ್ಲುತ್ತದೆ. ಗಂಟು ಕಟ್ಟದಂತೆ ಕಲಕಿ 60 ನಿಮಿಷ ಮುಚ್ಚಿಡಬೇಕು. ಚೀಲ ಎತ್ತಿ ಸೋರಿಸಿದ ಮೇಲೆ 60 ನಿಮಿಷ ಕುದಿಸುವುದು: ಆರಂಭದಲ್ಲೇ ಶೇ. 10 ಆಲ್ಫಾ ಆಮ್ಲ (ಕಹಿಯ ಮೂಲ) ಇರುವ ಹಾಪ್ಸ್ 22 ಗ್ರಾಂ, ಕೊನೆಯ 5 ನಿಮಿಷಕ್ಕೆ ಪರಿಮಳಕ್ಕೆಂದು 20 ಗ್ರಾಂ. ಕುದಿಯುವಾಗ ಮುಚ್ಚಳ ಬೇಡ, ಮುಚ್ಚಿದರೆ ಹಬೆಯೊಂದಿಗೆ ಹೋಗಬೇಕಾದ ಗಂಧಕದ ಸಂಯುಕ್ತ ಮತ್ತೆ ಪಾತ್ರೆಗೇ ತೊಟ್ಟಿಕ್ಕಿ ಬಿಯರ್‌ಗೆ ಬೆಂದ ಮುಸುಕಿನ ಜೋಳದ ವಾಸನೆ ಬರುತ್ತದೆ.

20 ಡಿಗ್ರಿಗೆ ತಣಿಸಿದಾಗ ಸುಮಾರು 20 ಲೀಟರ್ ವರ್ಟ್ (ಯೀಸ್ಟ್ ಹಾಕುವ ಮುಂಚಿನ ಸಿಹಿ ಮಾಲ್ಟ್ ರಸ), ಸಾಂದ್ರತೆ 1.046ರ ಆಸುಪಾಸು. ಬಿಸಿ ಇರುವಾಗಲೇ ಅಳೆದು ಗಾಬರಿಯಾಗುವುದು ಹೊಸಬರ ಸಾಮಾನ್ಯ ತಪ್ಪು: 60 ಡಿಗ್ರಿಯಲ್ಲಿ ಹೈಡ್ರೋಮೀಟರ್ 15 ಪಾಯಿಂಟ್‌ನಷ್ಟು (0.015) ಕಡಿಮೆ ತೋರಿಸುತ್ತದೆ.

ಇನ್ನು ಈ ದಿನದ ನಿಜವಾದ ಆಕರ್ಷಣೆ. ಒಂದೇ ವರ್ಟನ್ನು ಐದೈದು ಲೀಟರಿನಂತೆ ನಾಲ್ಕು ಜಾಡಿಗಳಿಗೆ ಹಂಚಿ (ನೊರೆಗೆ ಜಾಗ ಬೇಕು, ಜಾಡಿ 7 ಲೀಟರಿನದಿರಲಿ) ಒಂದೊಂದಕ್ಕೂ ಬೇರೆ ಯೀಸ್ಟ್, ತಲಾ 3 ಗ್ರಾಂ: ಅಮೆರಿಕನ್ ಏಲ್, ಇಂಗ್ಲಿಷ್ ಏಲ್, ಜರ್ಮನ್ ಗೋಧಿ ಬಿಯರ್, ಸೈಸಾನ್ (ಬೆಲ್ಜಿಯಂ ಕಡೆಯ ಬಿಯರ್). ಒಬ್ಬೊಬ್ಬರ ಹೆಸರು ಒಂದೊಂದು ಜಾಡಿಯ ಮೇಲೆ.

ವಾರ 3: ಬಾಟಲಿ

ಎಚ್ಚರ ಬೇಕಾದದ್ದು ಇಲ್ಲಿ. ಸೈಸಾನ್ ಯೀಸ್ಟ್‌ಗಳಲ್ಲಿ ಹಲವು ಡಯಾಸ್ಟಾಟಿಕಸ್ ಎಂಬ ಬಗೆಯವು, ಬೇರೆ ಯೀಸ್ಟ್ ತಿನ್ನಲಾಗದ ಡೆಕ್ಸ್ಟ್ರಿನ್ ಎಂಬ ದೊಡ್ಡ ಸಕ್ಕರೆಗಳನ್ನೂ ಒಡೆದು ತಿನ್ನುತ್ತವೆ. ಅದರ ಕೊಳವೆಯನ್ನು ಪಕ್ಕದ ಜಾಡಿಗೆ ಇಳಿಸಿದರೆ ಆ ಬಿಯರ್ ಬಾಟಲಿಯೊಳಗೆ ವಾರಗಟ್ಟಲೆ ಹುಳಿಯುತ್ತಾ ಒತ್ತಡ ಏರಿಸಿಕೊಳ್ಳುತ್ತದೆ. ಸೈಸಾನ್ ಯಾವಾಗಲೂ ಕೊನೆಗೆ, ಅದರದೇ ಕೊಳವೆಯಲ್ಲಿ.

ಮೂರು ದಿನ ಅಂತರದ ಸಾಂದ್ರತೆಯ ಎರಡು ಅಳತೆ ಒಂದೇ ಇದ್ದರೆ ಮಾತ್ರ ತುಂಬುವುದು. ಏರ್‌ಲಾಕ್ (ಅನಿಲ ಹೊರಬಿಟ್ಟು ಗಾಳಿ ತಡೆಯುವ ನಳಿಕೆ) ಗುಳ್ಳೆ ನಿಂತಿತು ಎಂಬುದು ಪುರಾವೆಯಲ್ಲ. ಸಕ್ಕರೆ ಲೀಟರಿಗೆ 6 ಗ್ರಾಂ, ಅಂದರೆ ಅರ್ಧ ಲೀಟರ್ ಬಾಟಲಿಗೆ 3 ಗ್ರಾಂ. ಬಿಯರಿನಲ್ಲಿ ಮೊದಲೇ ಕರಗಿರುವುದೂ ಸೇರಿ ಸುಮಾರು 2.4 ವಾಲ್ಯೂಮ್ ಅನಿಲ, ಅಂದರೆ ಬಿಯರಿನ ಗಾತ್ರದ 2.4 ಪಟ್ಟು. 1.010ಕ್ಕೆ ಇಳಿಯಬೇಕಾದ ಬಿಯರನ್ನು 1.016ರಲ್ಲೇ ತುಂಬಿದರೆ ಇನ್ನೂ 3 ವಾಲ್ಯೂಮ್ ಸೇರಿ ಗಾಜು ಸಿಡಿಯಬಹುದು. ಬಾಟಲಿ ಕಂದು ಬಣ್ಣದ್ದು, ಇಡುವುದು ಕತ್ತಲಲ್ಲಿ. ಬೆಳಕು ಹಾಪ್ಸ್‌ನ ಕಹಿಯನ್ನೇ ದುರ್ವಾಸನೆ ಮಾಡುತ್ತದೆ.

ವಾರ 5: ರುಚಿ

ಮೊದಲು ತ್ರಿಕೋನ ಪರೀಕ್ಷೆ: ಮೂರು ಲೋಟ, ಎರಡರಲ್ಲಿ ಒಂದೇ ಬಿಯರ್, ಬೇರೆಯದನ್ನು ಗುರುತಿಸಬೇಕು. ಊಹೆಯಿಂದಲೇ ಮೂರರಲ್ಲೊಬ್ಬರು ಸರಿ ಹೇಳುತ್ತಾರೆ. 12 ಜನರಲ್ಲಿ ಕನಿಷ್ಠ 8 ಮಂದಿ ಹೇಳಿದರೆ ಮಾತ್ರ ವ್ಯತ್ಯಾಸ ನಿಜ ಎಂದು ಒಪ್ಪುವುದು. ಅಮೆರಿಕನ್ ಮತ್ತು ಇಂಗ್ಲಿಷ್ ಏಲ್ ಜೋಡಿ ಇದಕ್ಕೆ ಸೂಕ್ತ. ಗೋಧಿ ಬಿಯರ್ ಯೀಸ್ಟಿನ ಬಾಳೆಹಣ್ಣು, ಲವಂಗವನ್ನು ಯಾರು ಬೇಕಾದರೂ ಹಿಡಿಯುತ್ತಾರೆ, ಅದು ಪರೀಕ್ಷೆಯಲ್ಲ, ಸಂಭ್ರಮ.

ದೋಷ ಗುರುತಿಸುವ ಪಾಠಕ್ಕೆ ಹಳಬರು ತಮ್ಮ ಕೆಟ್ಟ ಬ್ಯಾಚ್ ತರಬೇಕು. ಬೆಣ್ಣೆಯ ವಾಸನೆ ಡಯಾಸಿಟೈಲ್, ಯೀಸ್ಟ್ ಕೆಲಸ ಮುಗಿಸುವ ಮೊದಲೇ ತಣಿಸಿದ್ದರ ಫಲ. ಹಸಿ ಸೇಬು ಎಂದರೆ ಅವಸರದಲ್ಲಿ ತೆಗೆದದ್ದು. ಒದ್ದೆ ರಟ್ಟು ಎಂದರೆ ತುಂಬುವಾಗ ಗಾಳಿ ಸೇರಿದೆ.

ಎರಡನೇ ಬ್ಯಾಚ್ ಇದೇ ದಿನ ಬೆಳಿಗ್ಗೆ ಒಲೆಗೇರುತ್ತದೆ, ಮೊದಲ ಸುತ್ತಿನವರು ಹೊಸಬರಿಗೆ ತೋರಿಸಿಕೊಡುತ್ತಾರೆ. ಕುದಿಯುವ 25 ಲೀಟರ್ ವರ್ಟ್ ಪಕ್ಕದಲ್ಲಿರುವಾಗ ಬಿಯರ್ ಬೇಡ: ಒಲೆ ಆರಿದ ಮೇಲೆಯೇ ಲೋಟಗಳು ಹೊರಗೆ. ಮನೆಯಲ್ಲಿ ಮಾಡಿ ನೋಡುತ್ತೇನೆ ಎನ್ನುವವರಿಗೆ 10 ಲೀಟರ್ ಫರ್ಮೆಂಟರ್, ಏರ್‌ಲಾಕ್, ಹೈಡ್ರೋಮೀಟರ್, ಮಾಲ್ಟ್ ಚೀಲ, ಕೊಳವೆ ಇರುವ ಒಂದು ಕಿಟ್ ಐದು ವಾರಕ್ಕೆ ಎರವಲು. ವಾಪಸು ಬರುವಾಗ ಅದರ ಜತೆ ಎರಡು ಬಾಟಲಿ ಬರಬೇಕು, ಚೆನ್ನಾಗಿ ಬಂದಿರಲಿ, ಕೆಟ್ಟಿರಲಿ.