ಅಜ್ಜಿಯರೆಲ್ಲ ಒಂದೇ ಮಾತು ಹೇಳಿದರಂತೆ!

ಕಾಡಿನಲ್ಲಿ ಬಾಳಿಕೊಂಡು ಬಂದವರಿಗೆ ಆ ಜಾಗದ ಹಕ್ಕು ಕೊಡೋದು ಅರಣ್ಯ ಹಕ್ಕು ಕಾಯ್ದೆ. ಚಿಕ್ಕಮಗಳೂರಿನ ಮಲೆನಾಡು ಸೀಮೆಯಲ್ಲಿ ಅದರ ಅರ್ಜಿ ಬರೆಸೋದು ನನ್ನ ಗುತ್ತಿಗೆ ಕೆಲಸ. ಹಸಲರ ಕಾಲೊನಿಯ ಫೈಲುಗಳು ಅರ್ಜಿ ಪರಿಶೀಲಿಸುವ ಉಪವಿಭಾಗ ಸಮಿತಿ ಮುಂದೆ ಬಂದ ದಿನ, ಸದಸ್ಯರೊಬ್ಬರು ಹಿರಿಯರ ಹೇಳಿಕೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಬೆರಳಾಡಿಸಿದರು. ಒಂದರಲ್ಲಿ ಹಿಂದಿನ ಫೈಲಿನ ಊರ ಹೆಸರು ಹಾಗೇ ಉಳಿದಿತ್ತು. ಮೇಜಿನ ಈಚೆಯಿಂದ, ತಲೆಕೆಳಗಾಗಿ, ನನಗದು ಮೊದಲೇ ಕಂಡಿತು. ಅವರ ಬೆರಳು ಅಲ್ಲಿಗೆ ಇಳಿಯೋದನ್ನೇ ನೋಡ್ತಾ ನಿಂತೆ.

ಇಳಿಯಿತು. "ಏನ್ರೀ, ನಿಮ್ಮ ಅಜ್ಜಿಯರೆಲ್ಲ 'ಅನಾದಿಕಾಲದಿಂದ ನಿರಂತರ ಸ್ವಾಧೀನದಲ್ಲಿದ್ದು' ಅಂತಲೇ ಮಾತಾಡ್ತಾರಾ?"

ಇನ್ನೊಬ್ಬರು 75 ವರ್ಷದ ದಾಖಲೆ ಕೇಳಿದರು. ಹಸಲರು ಪರಿಶಿಷ್ಟ ಪಂಗಡ. ಕಾಯ್ದೆ ಪ್ರಕಾರ ಅವರು 13-12-2005ಕ್ಕೆ ಮೊದಲಿಂದ ಅಲ್ಲಿದ್ದರೆ ಸಾಕು. ಮೂರು ತಲೆಮಾರು, 75 ವರ್ಷ ಅನ್ನೋದು ಪರಿಶಿಷ್ಟ ಪಂಗಡಕ್ಕೆ ಸೇರದ 'ಇತರೆ ಪಾರಂಪರಿಕ ಅರಣ್ಯವಾಸಿ'ಗಳಿಗೆ. ಗೊತ್ತಿದ್ದೂ ಬಾಯಿ ಬರಲಿಲ್ಲ. ಕಾಪಿ-ಪೇಸ್ಟ್ ಮಾಡಿ ಸಿಕ್ಕಿಬಿದ್ದವನು ಕಾನೂನು ಹೇಳಿದರೆ ಯಾರು ಕೇಳ್ತಾರೆ? ಫೈಲುಗಳೆಲ್ಲ ಗ್ರಾಮಸಭೆಗೆ ವಾಪಸ್.

ತಲೆಮಾರುಗಟ್ಟಲೆ ಎಸ್ಟೇಟಿನಲ್ಲಿ ದುಡಿದವರ ಹತ್ತಿರ ಕಂದಾಯ ರಸೀದಿ ಎಲ್ಲಿಂದ ಬರಬೇಕು? ಅದಕ್ಕೇ ಈ ಕಾಯ್ದೆಯ 2008ರ ನಿಯಮಗಳ 13ನೇ ನಿಯಮದಲ್ಲಿ ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯೂ ಸಾಕ್ಷ್ಯ. ಬಾವಿ, ಸಮಾಧಿ, ದೇವರ ಜಾಗವೂ ಸಾಕ್ಷ್ಯ. ಇಂಥವು ಕನಿಷ್ಠ ಎರಡು ಬೇಕು. ಇಂಥದ್ದೇ ಕಾಗದ ತನ್ನಿ ಅಂತ ಸಮಿತಿ ಹಟ ಹಿಡಿಯುವಂತಿಲ್ಲ ಅಂತ 2012ರ ತಿದ್ದುಪಡಿಯೂ ಇದೆ.

ಮೊಬೈಲಿನಲ್ಲಿದ್ದ ರೆಕಾರ್ಡಿಂಗ್ ಮತ್ತೆ ಹಾಕಿ ಕೇಳಿದೆ. ಪಕ್ಕದ ಮನೆಯವರ ಅರ್ಜಿಗೆ ಹೇಳಿಕೆ ಕೊಟ್ಟಿದ್ದ ಅಜ್ಜಿ: "ನಾ ಮದುವೆಯಾಗಿ ಬಂದಾಗ ಬಾವಿಗೆ ಕಟ್ಟೆ ಇರ್ಲಿಲ್ಲ ಮಗಾ. ತೋಡಿದ್ದು ಇವರಜ್ಜ. ಅವರನ್ನ ಮಣ್ಣು ಮಾಡಿದ್ದು ಆ ಬಗನೆ ಮರದ ಬುಡದಲ್ಲಿ." ಬಾವಿ ಒಂದು, ಸಮಾಧಿ ಒಂದು. ಅವತ್ತು ನಾನು ಇದನ್ನು ಹರಟೆ ಅಂತ ಬಿಟ್ಟು, ಆಫೀಸು ಕಳಿಸಿದ್ದ ನಮೂನೆಯ ಸಾಲುಗಳನ್ನೇ ತುಂಬಿಸಿದ್ದೆ.

ಎರಡನೇ ಸಲ ಅಜ್ಜಿಯ ಮಾತನ್ನು ಹಾಗೇ ಬರೆದು, ಬಾವಿ, ಬಗನೆ ಮರದ ಫೋಟೊ ತೆಗೆದೆವು. ಒಂದೊಂದು ಹೇಳಿಕೆಗೆ ಅರ್ಧ ದಿನ ಹೋಯ್ತು. ಶುಕ್ರವಾರದ ಪ್ರಗತಿ ವರದಿಯಲ್ಲಿ 'ಹೊಸ ಅರ್ಜಿ' ಕಾಲಂ ಮಾತ್ರ ಇರೋದು. ಅದರಲ್ಲಿ ನನ್ನದು ಸೊನ್ನೆ. ಕಾರಣ ಕೇಳಿ ಸಂಜೆಯೊಳಗೆ ವಾಟ್ಸಾಪ್ ಬಂತು.