ಯೀಸ್ಟ್ ಕೋಶವನ್ನು ಒಡೆದು ಅಳೆದರೆ ಸಾಲದೇ?

ಮುಂಬಯಿಯ ಮಾಟುಂಗದ ಮೈಸೂರು ಅಸೋಸಿಯೇಷನ್ ಸಭಾಂಗಣದಲ್ಲಾಗಲಿ, ಡೊಂಬಿವಲಿಯ ನೆಂಟರ ಮನೆಯ ಪೂಜೆಯಲ್ಲಾಗಲಿ, ನಾನು ಜೀವಂತ ಯೀಸ್ಟ್ ಕೋಶಗಳೊಳಗಿನ ಎಟಿಪಿಯನ್ನು (ಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಅಣುವನ್ನು) ಅಳೆಯುವವನು ಎಂದು ತಿಳಿದ ಕೂಡಲೇ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಒಡೆದು ಅಳೆದರೆ ಸಾಲದೇ ಮಾರಾಯರೇ? ಜೀವಂತವೇ ಆಗಬೇಕೇ?” ಕೇಳುವವರಲ್ಲಿ ಹೆಚ್ಚಿನವರು ಹೋಟೆಲಿನವರು, ಇಲ್ಲವೇ ಬ್ಯಾಂಕಿನವರು. ಲೆಕ್ಕಾಚಾರ ಅವರಿಗೆ ರಕ್ತಗತ. ಪ್ರಶ್ನೆಯೂ ಪಕ್ಕಾ ಇದೆ. (ಯೀಸ್ಟ್ ಎಂದರೆ ಪಾವ್ ಉಬ್ಬಿಸುವುದು. ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಬ್ಯಾಕ್ಟೀರಿಯಾ. ಈ ಜಗಳ ಬೇರೆ.)

ಒಡೆದು ಅಳೆಯುವುದು ಹಳೆಯ ದಾರಿ, ಕೆಟ್ಟ ದಾರಿಯೇನಲ್ಲ. ಎಟಿಪಿ ಪತ್ತೆಯಾದದ್ದು 1929ರಲ್ಲಿ. ಜರ್ಮನಿಯಲ್ಲಿ ಲೋಮನ್, ಹಾರ್ವರ್ಡ್‌ನಲ್ಲಿ ಫಿಸ್ಕೆ ಮತ್ತು ನಮ್ಮ ಭೀಮಾವರಂನ ಯಲ್ಲಾಪ್ರಗಡ ಸುಬ್ಬರಾವ್, ಬೇರೆ ಬೇರೆಯಾಗಿ ಕಂಡುಕೊಂಡರು. ಮಿಂಚುಹುಳು ಬೆಳಗುವುದಕ್ಕೂ ಎಟಿಪಿ ಬೇಕೆಂದು 1947ರಲ್ಲಿ ತಿಳಿಯಿತು. ಅಂದಿನಿಂದ ಕೋಶಗಳನ್ನು ಕುದಿಸಿ ಅಥವಾ ಆಮ್ಲ ಹಾಕಿ ಒಡೆದು, ಮಿಂಚುಹುಳುವಿನ ಕಿಣ್ವ ಬೆರೆಸಿ, ಹೊಮ್ಮುವ ಬೆಳಕನ್ನು ಅಳೆಯುತ್ತಾ ಬಂದಿದ್ದೇವೆ. ಕೊಲ್ಲುವಾಗ ಸ್ವಲ್ಪ ತಡವಾದರೂ ಕೋಶದ ಕಿಣ್ವಗಳೇ ಎಟಿಪಿಯನ್ನು ತಿಂದು ಮುಗಿಸುತ್ತವೆ. ಆದರೂ ಕೈ ಚುರುಕಾಗಿದ್ದರೆ ಉತ್ತರ ಸಿಗುತ್ತದೆ.

ಸಿಗುವುದು ಎಂಥ ಉತ್ತರ ಎನ್ನುವುದೇ ತಕರಾರು. ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಯಾವ ಹೊತ್ತಿಗೆ ನೋಡಿದರೂ ಹೆಚ್ಚುಕಡಿಮೆ ಅಷ್ಟೇ ಚಿಲ್ಲರೆ ಇರುತ್ತದೆ, ಆದರೆ ದಿನವಿಡೀ ಅದರೊಳಗೆ ಹರಿದ ಹಣವೆಷ್ಟು! ಎಟಿಪಿಯೂ ಹಾಗೆಯೇ. ಸಕ್ಕರೆ ಚೆನ್ನಾಗಿ ಸಿಗುತ್ತಿರುವ ಕೋಶದಲ್ಲಿ ಅದು ಕೆಲವು ಮಿಲಿಮೋಲಾರ್ ಮಟ್ಟದಲ್ಲಿ ನಿಂತಿರುತ್ತದೆ, ಅಷ್ಟೂ ಎಟಿಪಿ ಕೆಲವೇ ಸೆಕೆಂಡುಗಳಲ್ಲಿ ಖರ್ಚಾಗಿ ಮತ್ತೆ ಹುಟ್ಟುತ್ತದೆ. ಮೇಲಾಗಿ ಒಂದು ಮಿಲಿಲೀಟರ್ ದ್ರವದಲ್ಲಿ ಕೋಟಿಗಟ್ಟಲೆ ಕೋಶಗಳಿರುತ್ತವೆ. ಎಲ್ಲವನ್ನೂ ಒಟ್ಟಿಗೆ ಒಡೆದರೆ ಸರಾಸರಿ ಸಿಗುತ್ತದೆ, ಬರಿದಾಗಿ ಕುಳಿತ ಒಂದು ಕೋಶ ಅದರಲ್ಲಿ ಹುದುಗಿಹೋಗುತ್ತದೆ.

ಅದಕ್ಕಾಗಿ ಸೆನ್ಸರನ್ನು ಕೋಶದ ಕೈಯಲ್ಲೇ ತಯಾರಿಸುತ್ತೇವೆ. ಬ್ಯಾಸಿಲಸ್ ಬ್ಯಾಕ್ಟೀರಿಯಾದ ಎಟಿಪಿ ಸಿಂಥೇಸ್‌ನಲ್ಲಿ (ಎಟಿಪಿ ತಯಾರಿಸುವ ಕಿಣ್ವದಲ್ಲಿ) ಎಪ್ಸಿಲಾನ್ ಎಂಬ ಪುಟ್ಟ ಭಾಗವಿದೆ. ಎಟಿಪಿ ಬಂದು ಕೂತರೆ ಅದು ಮಡಚಿಕೊಳ್ಳುತ್ತದೆ. ಜಪಾನಿನ ವಿಜ್ಞಾನಿಗಳು ಇದನ್ನೇ ಬಳಸಿ 2009ರಲ್ಲಿ ಎಟೀಮ್, 2014ರಲ್ಲಿ ಕ್ವೀನ್ ಎಂಬ ಸೆನ್ಸರುಗಳನ್ನು ಮಾಡಿದರು. ಕ್ವೀನ್‌ನಲ್ಲಿ ಜೆಲ್ಲಿ ಮೀನಿನ ಹಸಿರು ಪ್ರೋಟೀನನ್ನು ಮಾರ್ಪಡಿಸಿ ಎಪ್ಸಿಲಾನ್‌ನ ನಡುವೆ ಸೇರಿಸಲಾಗಿದೆ. ಸುಮಾರು 400 ಮತ್ತು 490 ನ್ಯಾನೊಮೀಟರ್‌ನ ಎರಡು ಬೆಳಕುಗಳನ್ನು ಸರದಿಯಂತೆ ಹಾಯಿಸಿ, ಮೊದಲನೆಯದಕ್ಕೆ ಹೊರಬರುವ ಹಸಿರು ಬೆಳಕನ್ನು ಎರಡನೆಯದಕ್ಕೆ ಬರುವುದರಿಂದ ಭಾಗಿಸುತ್ತೇವೆ. ಎಟಿಪಿ ಹೆಚ್ಚಿದ್ದಷ್ಟೂ ಭಾಗಲಬ್ಧ ಹೆಚ್ಚು. ಒಂದು ಕೋಶದಲ್ಲಿ ಸೆನ್ಸರ್ ಜಾಸ್ತಿ, ಪಕ್ಕದ್ದರಲ್ಲಿ ಕಡಿಮೆ ಇದ್ದರೂ ಭಾಗಲಬ್ಧ ಕೆಡುವುದಿಲ್ಲ. ಕಂಪ್ಯೂಟರ್ ಅದಕ್ಕೆ ಬಣ್ಣ ಕೊಡುತ್ತದೆ: ಎಟಿಪಿ ಇದ್ದಲ್ಲಿ ಕೆಂಪು, ಇಲ್ಲದಲ್ಲಿ ನೀಲಿ. ಸಕ್ಕರೆ ತೆಗೆದು 2-ಡಿಆಕ್ಸಿಗ್ಲೂಕೋಸ್ ಹಾಕಿದರೆ ಕೋಶ ಅದನ್ನೇ ಸಕ್ಕರೆ ಎಂದು ನಂಬಿ ಎಟಿಪಿ ಸುರಿಯುತ್ತದೆ, ಪ್ರತಿಫಲ ಮಾತ್ರ ಸೊನ್ನೆ. ಐದಾರು ಮೈಕ್ರೋಮೀಟರ್ ಅಗಲದ ಆ ಕೆಂಪು ಗುಂಡುಗಳು ನಿಮಿಷಗಳಲ್ಲಿ ನೀಲಿಗೆ ತಿರುಗುತ್ತವೆ.

ಈ ಬಣ್ಣಗಳನ್ನು ಕಣ್ಣುಮುಚ್ಚಿ ನಂಬುವವರನ್ನು ಕಂಡರೆ ನನಗೆ ಸಿಟ್ಟು. ಸಕ್ಕರೆ ಸಿಗದ ಯೀಸ್ಟಿನ ಒಳಗು ಆಮ್ಲೀಯವಾಗುತ್ತದೆ, ಹೊಳೆಯುವ ಪ್ರೋಟೀನುಗಳಲ್ಲಿ ಅನೇಕವು ಆಮ್ಲಕ್ಕೂ ಮಂಕಾಗುತ್ತವೆ. ಎಟಿಪಿ ಹಿಡಿಯಲಾಗದಂತೆ ಬದಲಾಯಿಸಿದ ಜೋಡಿ ಸೆನ್ಸರನ್ನೂ ಅದೇ ಪರೀಕ್ಷೆಗೆ ಒಡ್ಡಬೇಕು. ಅದೂ ಬಣ್ಣ ಬದಲಿಸಿದರೆ ನೀವು ಅಳೆದದ್ದು ಹುಳಿಯನ್ನು.

ಇಷ್ಟೆಲ್ಲ ಗೋಳಿನಿಂದ ಏನು ಸಿಕ್ಕಿತು? 2022ರಲ್ಲಿ ಜಪಾನಿನ ಒಂದು ತಂಡ ಎಟಿಪಿ ಕಡಿಮೆ ಇರುವ ಯೀಸ್ಟ್ ತಳಿಗಳನ್ನು ಒಂದೊಂದೇ ಕೋಶವಾಗಿ ನೋಡಿತು. ಕೆಲವು ಕೋಶಗಳಲ್ಲಿ ಎಟಿಪಿ ಹಠಾತ್ತನೆ ಕುಸಿದು, ಸ್ವಲ್ಪ ಹೊತ್ತಿನಲ್ಲಿ ಮರಳುತ್ತಿತ್ತು. ಆ ಕುಸಿತಗಳು ಪ್ರೋಟೀನುಗಳು ಗಂಟುಕಟ್ಟಲು ಕಾರಣವಾಗುತ್ತಿದ್ದವು. ಪಾರ್ಕಿನ್ಸನ್ ಕಾಯಿಲೆಗೆ ಸಂಬಂಧಿಸಿದ ಆಲ್ಫಾ-ಸೈನ್ಯೂಕ್ಲಿನ್ ಕೂಡ ಅವುಗಳಲ್ಲೊಂದು. ಔಷಧದಿಂದ ಎಟಿಪಿ ಏರಿಸಿದಾಗ ಅದರ ಗಂಟುಗಳು ಶೇಖರವಾಗುವುದು ತಪ್ಪಿತು.

ಇದನ್ನು ಹೇಳಿದೊಡನೆ ಮುಂದಿನ ಪ್ರಶ್ನೆ ಸಿದ್ಧವಾಗಿರುತ್ತದೆ: “ಹಾಗಾದರೆ ಪಾರ್ಕಿನ್ಸನ್‌ಗೆ ಮದ್ದು ಸಿಕ್ಕಿತೇ?” ಇಲ್ಲ. ಯೀಸ್ಟಿಗೆ ಮಿದುಳಿಲ್ಲ, ನರವೂ ಇಲ್ಲ; ಮನುಷ್ಯನ ಪ್ರೋಟೀನನ್ನು ನಾವೇ ಅದರೊಳಗೆ ತುರುಕಿದ್ದೇವೆ. ಮದ್ದಿನ ಮಾತನ್ನು ನರಕೋಶಗಳಲ್ಲಿ ಇದೇ ಕೆಲಸ ಮಾಡುತ್ತಿರುವವರನ್ನು ಕೇಳಿ.